ಬಟ್ಟೆ ಕಾರ್ಖಾನೆಗೂ ಹಿಟ್ಟಿನ ಗಿರಣಿಗೂ ‘ಮಿಲ್’ ಅಂತಲೇ ಯಾಕೆ ಕರೆಯುತ್ತಾರೆ?

ದಾವಣಗೆರೆಯವರಿಗೆ ಈ ಅನುಮಾನ ಬರಲೇಬೇಕು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಕಾಟನ್ ಮಿಲ್ಲಿನಲ್ಲಿ ನೂಲು, ನಮ್ಮ ಓಣಿಯ ಹಿಟ್ಟಿನ ಮಿಲ್ಲಿನಲ್ಲಿ ಜೋಳದ ಹಿಟ್ಟು. ಹೆಸರು ಮಾತ್ರ ಒಂದೇ!

ಇದರಲ್ಲಿ ಹಿಟ್ಟಿನದೇ ಮೊದಲ ಅರ್ಥ. ಲ್ಯಾಟಿನ್‌ನಲ್ಲಿ ‘ಮೋಲಾ’ ಅಂದರೆ ಬೀಸುವ ಕಲ್ಲು. ಅದರಿಂದ ‘ಮೋಲಿನಾ’, ಆಮೇಲೆ ಹಳೆ ಇಂಗ್ಲಿಷಿನ ‘ಮಿಲೆನ್’, ಕೊನೆಗೆ ‘ಮಿಲ್’. ಹಲ್ಲಿನ ಡಾಕ್ಟರು ದವಡೆ ಹಲ್ಲಿಗೆ ‘ಮೋಲಾರ್’ ಅನ್ನುತ್ತಾರಲ್ವಾ, ಅದೂ ಇದೇ ಬೇರಿನದು. ಖಡಕ್ ರೊಟ್ಟಿ ಅಗಿಯುವಾಗ ಆ ಹಲ್ಲು ಮಾಡುವುದೂ ಬೀಸುವ ಕೆಲಸವೇ.

ಹಾಗಾದರೆ ಬಟ್ಟೆಗೆ ಹೇಗೆ ಬಂತು? ಯುರೋಪಿನಲ್ಲಿ ಬೀಸುವ ಕಲ್ಲನ್ನು ಹೊಳೆ ನೀರಿನ ಚಕ್ರದಿಂದ ತಿರುಗಿಸುತ್ತಿದ್ದರು. ಅಂಥದೇ ಚಕ್ರಕ್ಕೆ ಮರ ಕೊಯ್ಯುವ ಗರಗಸ, ಉಣ್ಣೆ ಬಟ್ಟೆ ಕುಟ್ಟುವ ಸುತ್ತಿಗೆ ಜೋಡಿಸಿದರು. ಅವೂ ಮಿಲ್ ಆದವು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ಕಟ್ಟಲು ಶುರುಮಾಡಿದ ಹತ್ತಿ ನೂಲುವ ಕಾರ್ಖಾನೆಯೂ ನೀರಿನ ಬಲದ್ದೇ. ಮುಂದೆ ಉಗಿ ಬಂತು, ಕರೆಂಟು ಬಂತು. ಕಲ್ಲೂ ಇಲ್ಲ, ಹೊಳೆಯೂ ಇಲ್ಲ, ಹೆಸರು ಮಾತ್ರ ಉಳಿಯಿತು.

ಜನ ಗೊತ್ತುಗುರಿಯಿಲ್ಲದೆ ಗುಂಪುಗುಂಪಾಗಿ ಸುತ್ತಾಡುವುದಕ್ಕೂ ಇಂಗ್ಲಿಷಿನಲ್ಲಿ ‘ಮಿಲ್ಲಿಂಗ್’ ಅನ್ನುತ್ತಾರೆ. ಕಲ್ಲು ಸುತ್ತುವ ಹಾಗೆ.

ಅಂದಹಾಗೆ, ‘ಮಿಲಿಯನ್’ ಇದರ ನೆಂಟ ಅಲ್ಲ. ಅದು ಸಾವಿರ ಅನ್ನುವ ಅರ್ಥದ ‘ಮಿಲ್ಲೆ’ಯಿಂದ ಬಂದದ್ದು.