ಬೋಬಾ ಫೆಟ್ ಮೊದಲು ಬಂದಿದ್ದು ಎಲ್ಲಿ?

ಸ್ಟಾರ್ ವಾರ್ಸ್‌ನಲ್ಲಿ ದುಡ್ಡಿಗೋಸ್ಕರ ಜನರನ್ನ ಬೇಟೆಯಾಡಿ ಹಿಡಿದುಕೊಡೋ ಪಾತ್ರ ಬೋಬಾ ಫೆಟ್ ಮೊದಲು ಬಂದಿದ್ದು 1980ರ ಸ್ಟಾರ್ ವಾರ್ಸ್ ಸಿನಿಮಾದಲ್ಲೇ ತಾನೆ ಅಂತ ಕೇಳಿದ್ರಲ್ಲ, ಇಲ್ಲ ಕಣ್ರೀ, 1978 ನವೆಂಬರ್ 17ಕ್ಕೆ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಬಂದ ಸ್ಟಾರ್ ವಾರ್ಸ್ ಹಾಲಿಡೇ ಸ್ಪೆಷಲ್ ಅನ್ನೋ ಟೀವಿ ಶೋ ಒಳಗಡೆ ಒಂದು ಕಾರ್ಟೂನ್ ಇದೆ, ಕೆನಡಾದ ನೆಲ್ವಾನಾ ಅನ್ನೋ ಅನಿಮೇಷನ್ ಕಂಪನಿಯವ್ರು ಮಾಡಿದ್ದು, ಅದ್ರಲ್ಲೇ ಅವನು ಮೊದಲು ತೆರೆ ಮೇಲೆ ಕಾಣಿಸ್ಕೊಂಡಿದ್ದು. ನನ್ ಪ್ರಕಾರ ಇಡೀ ಶೋನಲ್ಲಿ ನೋಡೋ ಹಂಗಿರೋದು ಅದೊಂದೇ. ಶುರುವಲ್ಲಿ ಚ್ಯೂಬಾಕಾ ಅನ್ನೋ ಮೈತುಂಬ ಕೂದಲಿರೋ ಪಾತ್ರದ ಮನೆಯವ್ರು ಸಬ್‌ಟೈಟಲ್ಲೂ ಇಲ್ದೆ ನಿಮಿಷಗಟ್ಟಲೆ ಗುರ್ ಗುರ್ ಅಂತಿರ್ತಾರೆ, ತಲೆ ಚಿಟ್ಟು ಹಿಡಿಯುತ್ತೆ! ತೆರೆ ಹಿಂದಿನ ಕಥೆನೇ ಮಜಾ, ಡೈರೆಕ್ಟರ್ ಡೇವಿಡ್ ಅಕೋಂಬಾ ಅರ್ಧಕ್ಕೇ ಬಿಟ್ಟು ಹೋದ್ರು, ಸ್ಟೀವ್ ಬೈಂಡರ್ ಬಂದು ಮುಗಿಸಿದ್ರು, ಕೊನೆ ಸೀನ್ ಹೊತ್ತಿಗೆ ಸೆಟ್ ಹಾಕಕ್ಕೆ ದುಡ್ಡೇ ಇರ್ಲಿಲ್ಲ, ಅದಕ್ಕೆ ಸುತ್ತ ಕತ್ತಲೆ ಮಾಡಿ ರಾಶಿ ಕ್ಯಾಂಡಲ್ ಹಚ್ಚಿ ಶೂಟ್ ಮಾಡಿದ್ರಂತೆ. ಪೂರ್ತಿ ಶೋ ಬೇಕಂದ್ರೆ ಆಗ ಜನ ಟೀವಿಯಿಂದ ರೆಕಾರ್ಡ್ ಮಾಡಿಟ್ಟ ಮಸುಕು ಕಾಪಿಗಳೇ ಗತಿ, ಆ ಕಾರ್ಟೂನ್ ಮಾತ್ರ 2021ರಲ್ಲಿ ಡಿಸ್ನಿ ಪ್ಲಸ್‌ಗೆ ಬಂತು.