ತಂಡಕ್ಕೆ ಬೇಕಾದವಳು, ಹುದ್ದೆಗೆ ಬೇಡವಾದವಳು: ಒಬ್ಬ ಸಹಾಯಕ ಟೆನಿಸ್ ಕೋಚ್‌ನ ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಕುಟುಂಬದ ಮತ್ತು ಉದ್ಯೋಗದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆ ಹಳೆಯ ಮೈಸೂರು ಭಾಗದವರು, ವಯಸ್ಸು ಮೂವತ್ತು ದಾಟಿದೆ. ಟೆನಿಸ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, ಅಲ್ಲಿನ ಕಾಲೇಜು ತಂಡಕ್ಕೆ ಆಡಿ, ಸ್ನಾತಕೋತ್ತರ ಪದವಿ ಮುಗಿಸಿ, ಈಗ ಐದು ವರ್ಷಗಳಿಂದ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ಮೊದಲ, ಅಂದರೆ ಅತ್ಯುನ್ನತ, ಡಿವಿಷನ್‌ನ ಒಂದು ಮಹಿಳಾ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದಾರೆ. ನಿದ್ದೆ ಕೆಟ್ಟಿದೆ, ಕೋರ್ಟಿಗೆ ಕಾಲಿಡಲು ಮನಸ್ಸಾಗುವುದಿಲ್ಲ, ಎಲ್ಲ ಬಿಟ್ಟು ಊರಿಗೆ ಬರಲೇ ಎಂದು ಕೇಳಿಕೊಂಡು ವೀಡಿಯೊ ಕರೆಯ ಮೂಲಕ ನನ್ನನ್ನು ಸಂಪರ್ಕಿಸಿದರು.

ತಕ್ಷಣದ ಕಾರಣ ಸ್ಪಷ್ಟವಾಗಿತ್ತು. ಬೇಸಿಗೆಯಲ್ಲಿ ಮುಖ್ಯ ಕೋಚ್ ಹುದ್ದೆ ಖಾಲಿಯಾದಾಗ ಆಕೆ ಅರ್ಜಿ ಹಾಕಿದ್ದರು, ಸಂದರ್ಶನವೂ ಆಗಿತ್ತು. ಹುದ್ದೆ ಸಿಕ್ಕಿದ್ದು ಹೊರಗಿನಿಂದ ಬಂದ ಪುರುಷ ಕೋಚ್ ಒಬ್ಬರಿಗೆ. ಕ್ರೀಡಾ ವಿಭಾಗದ ಹಿರಿಯರು ಸಮಾಧಾನ ಹೇಳುತ್ತಾ, "ನೀವಿಲ್ಲದೆ ಈ ತಂಡ ನಡೆಯುವುದೇ ಇಲ್ಲ" ಎಂದಿದ್ದರಂತೆ. ನಾನಿಲ್ಲದೆ ನಡೆಯದ ತಂಡವನ್ನು ನನಗೇ ಏಕೆ ಒಪ್ಪಿಸಲಿಲ್ಲ ಎಂಬ ಪ್ರಶ್ನೆ ಆಕೆಯನ್ನು ತಿಂಗಳುಗಟ್ಟಲೆ ಕೊರೆಯುತ್ತಿತ್ತು. ಹೆಣ್ಣೆಂದೋ, ಭಾರತೀಯಳೆಂದೋ, ಯೋಗ್ಯತೆಯೇ ಸಾಲದೋ ಎಂದು ಪ್ರತಿ ರಾತ್ರಿ ಒಂದೊಂದು ಉತ್ತರ ಹೊಳೆಯುತ್ತಿತ್ತು.

ಮೊದಲೆರಡು ಅನುಮಾನಗಳನ್ನು ನಾನು ತಳ್ಳಿಹಾಕಲಿಲ್ಲ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ ಟೈಟಲ್ ನೈನ್ ಕಾನೂನು 1972ರಲ್ಲಿ ಬಂದಾಗ ಅಮೆರಿಕದ ಕಾಲೇಜು ಮಹಿಳಾ ತಂಡಗಳ ಮುಖ್ಯ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಹಿಳೆಯರಿದ್ದರು. ಹುದ್ದೆಗೆ ಹಣವೂ ಮಾನವೂ ಬಂದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇದು ಆಕೆಗೆ ಗೊತ್ತಿದ್ದದ್ದೇ. ಆದರೆ ಇಡೀ ವ್ಯವಸ್ಥೆಯ ಓರೆಕೋರೆಯನ್ನು ತನ್ನೊಬ್ಬಳ ಯೋಗ್ಯತೆಯ ಲೆಕ್ಕಕ್ಕೆ ಜಮೆ ಮಾಡಿಕೊಳ್ಳುವುದು ಒಂದು ತಪ್ಪಾದರೆ, ಎಲ್ಲವನ್ನೂ ವ್ಯವಸ್ಥೆಯ ತಲೆಗೇ ಕಟ್ಟಿ ತಾನು ಬದಲಿಸಬಹುದಾದದ್ದನ್ನು ನೋಡದಿರುವುದು ಇನ್ನೊಂದು ತಪ್ಪು. ಹಾಗಾಗಿ ಋತುವಿನ ನಡುವಿನ ಒಂದು ವಾರದಲ್ಲಿ ಮಾಡಿದ ಕೆಲಸಗಳನ್ನೆಲ್ಲ ಹಾಳೆಯ ಮೇಲೆ ಬರೆದು ತರುವಂತೆ ಹೇಳಿದೆ.

ಆ ಹಾಳೆಯನ್ನು ನಾನು ಇಂದಿಗೂ ಮರೆತಿಲ್ಲ. ರ‍್ಯಾಕೆಟ್‌ಗಳಿಗೆ ಸ್ಟ್ರಿಂಗ್ ಕಟ್ಟುವುದು, ವ್ಯಾನ್ ಓಡಿಸುವುದು, ಹೋಟೆಲಿನಲ್ಲಿ ಯಾರ ಜೊತೆ ಯಾರು ಎಂದು ಕೋಣೆ ಹಂಚುವುದು, ಪಂದ್ಯದ ಬಳಿಕ ಹನ್ನೊಂದು ಊಟದ ಪೊಟ್ಟಣ ತರಿಸುವುದು, ಅದರಲ್ಲಿ ಒಂದು ಗ್ಲುಟೆನ್ ಇಲ್ಲದ್ದು. ಕಾಲು ಉಳುಕಿಸಿಕೊಂಡವಳನ್ನು ಎಕ್ಸ್‌ರೇಗೆ ಕರೆದೊಯ್ಯುವುದು. ಯುರೋಪಿನ ಹುಡುಗಿಯೊಬ್ಬಳನ್ನು ತಂಡಕ್ಕೆ ಸೆಳೆಯಲು ಬೆಳಗಿನ ಜಾವ ಎದ್ದು ಆಕೆಯ ತಾಯಿಯೊಂದಿಗೆ ಮಾತನಾಡುವುದು. ಆಟಗಾರ್ತಿಯರ ತರಬೇತಿ ಋತುವಿನಲ್ಲಿ ವಾರಕ್ಕೆ 20 ಗಂಟೆ ಮೀರಬಾರದೆಂದು ಎನ್‌ಸಿಎಎ ನಿಯಮವಿದೆ. ಕೋಚ್‌ಗೆ ಅಂಥ ಮಿತಿಯಿಲ್ಲ. ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, "ರಾತ್ರಿ 11, ಮತ್ತೆ ಬಂದಳು, ಊಟ ಬಿಟ್ಟಿದ್ದಾಳೆ, ಯಾರಿಗೂ ಹೇಳಬೇಡಿ ಅಂದಳು" ಎಂದಿತ್ತು.

ಪಂದ್ಯದ ದಿನದ ಕೆಲಸಕ್ಕೆ ಆಕೆ ಕೊಟ್ಟಿದ್ದು ಒಂದೇ ಸಾಲು. ಕೇಳಿದಾಗ ಮಾತ್ರ ಮುಖ ಅರಳಿತು. ಕಾಲೇಜು ಟೆನಿಸ್‌ನಲ್ಲಿ ಮೊದಲು ಮೂರು ಡಬಲ್ಸ್ ಪಂದ್ಯಗಳು ಏಕಕಾಲಕ್ಕೆ, ಆರು ಗೇಮ್‌ಗಳ ಒಂದೇ ಸೆಟ್‌ನಲ್ಲಿ ನಡೆಯುತ್ತವೆ. ಎರಡನ್ನು ಗೆದ್ದ ತಂಡಕ್ಕೆ ಒಟ್ಟಾರೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್, ತಲಾ ಒಂದು ಅಂಕ; ಮೊದಲು ನಾಲ್ಕು ಮುಟ್ಟಿದವರು ಗೆದ್ದಂತೆ. ವೃತ್ತಿಪರ ಟೆನಿಸ್‌ನಲ್ಲಿ ಬಹುಕಾಲ ನಿಷಿದ್ಧವಾಗಿದ್ದ ಸಂಗತಿ ಇಲ್ಲಿ ಸಹಜ: ಕೋಚ್ ಕೋರ್ಟಿನೊಳಗೇ ನಿಂತು ಪಾಯಿಂಟುಗಳ ನಡುವೆ ಮಾತನಾಡಬಹುದು. ಐದು ಮತ್ತು ಆರನೇ ಕೋರ್ಟು ಆಕೆಯ ಪಾಲಿನವು. ಕಳೆದ ಋತುವಿನಲ್ಲಿ ಸ್ಕೋರು 3-3 ಆಗಿ ಎಲ್ಲವೂ ಆರನೇ ಕೋರ್ಟಿಗೆ ಬಂದು ನಿಂತ ದಿನ, ಎದುರಾಳಿ ಬ್ಯಾಕ್‌ಹ್ಯಾಂಡ್‌ನಲ್ಲಿ ಎತ್ತರದ ಚೆಂಡಿಗೆ ತಡವರಿಸುವುದನ್ನು ಕಂಡುಹಿಡಿದು ಆಟದ ದಾರಿಯನ್ನೇ ಬದಲಿಸಿದವರು ಈಕೆ. ಅದು ಹಾಳೆಯಲ್ಲೂ ಇರಲಿಲ್ಲ, ಸಂದರ್ಶನದಲ್ಲೂ ಆಕೆ ಹೇಳಿರಲಿಲ್ಲ. ಸಂದರ್ಶನದಲ್ಲಿ ಬಜೆಟ್ ಬಗ್ಗೆ, ವಿದ್ಯಾರ್ಥಿವೇತನದ ಹಂಚಿಕೆಯ ಬಗ್ಗೆ, ದಾನಿಗಳ ಬಗ್ಗೆ ಕೇಳಿದಾಗ, "ಅದನ್ನೆಲ್ಲ ಮುಖ್ಯ ಕೋಚ್ ನೋಡಿಕೊಳ್ಳುತ್ತಿದ್ದರು" ಎಂದು ಪ್ರಾಮಾಣಿಕವಾಗಿ ಉತ್ತರಿಸಿ ಬಂದಿದ್ದರು.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳಿದೆ: ಆಕೆಯನ್ನು ತಂಡಕ್ಕೆ ಅನಿವಾರ್ಯಗೊಳಿಸಿದ ಕೆಲಸವೇ ಬೇರೆ, ಮುಖ್ಯ ಕೋಚ್ ಹುದ್ದೆಗೆ ಅರ್ಹಗೊಳಿಸುವ ಕೆಲಸವೇ ಬೇರೆ. ಮನೆಯ ಹಿರಿಮಗಳ ಹಾಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಂಡು ಮಾಡಿದರೆ ಒಂದು ದಿನ ಯಾರಾದರೂ ಗಮನಿಸಿ ಬಡ್ತಿ ಕೊಡುತ್ತಾರೆಂಬ ನಂಬಿಕೆಯಲ್ಲಿ ಐದು ವರ್ಷ ಕಳೆದಿತ್ತು. ಅಂಥ ದುಡಿಮೆಯನ್ನು ಸಂಸ್ಥೆ ಮೆಚ್ಚುತ್ತದೆ, ಆದರೆ ಮೆಚ್ಚಿ ಅಲ್ಲಿಯೇ ಇರಿಸಿಕೊಳ್ಳುತ್ತದೆ.

ಮೊದಲು ಸರಿಪಡಿಸಬೇಕಾಗಿದ್ದದ್ದು ರಾತ್ರಿ ಹನ್ನೊಂದರ ಭೇಟಿ. ಆಟಗಾರ್ತಿಯರಿಗೆ ಈಕೆ ಅಕ್ಕ, ಅದು ಒಳ್ಳೆಯದೇ. ಆದರೆ ಊಟ ಬಿಟ್ಟ ಹುಡುಗಿಯ ಗುಟ್ಟನ್ನು ಕಾಯುವ ಅಧಿಕಾರ ಕೋಚ್‌ಗಿಲ್ಲ. ಲೈಂಗಿಕ ಕಿರುಕುಳದಂಥ ವಿಷಯವಾದರೆ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಕೋಚ್ ಅದನ್ನು ವರದಿ ಮಾಡಲೇಬೇಕು. ಮುಂದಿನ ಬಾರಿ ಆ ಹುಡುಗಿ ಬಂದಾಗ ಕೂರಿಸಿ, "ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ, ನಾಳೆ ಬೆಳಿಗ್ಗೆ ಇಬ್ಬರೂ ಕ್ರೀಡಾ ವೈದ್ಯರ ಬಳಿ ಹೋಗೋಣ" ಎನ್ನಬೇಕೆಂದು ಹೇಳಿ, ಆ ಮಾತನ್ನು ಆಡಿ ಅಭ್ಯಾಸ ಮಾಡಿಸಿದೆ. ಹುಡುಗಿ ಎರಡು ದಿನ ಮುನಿಸಿಕೊಂಡಳಂತೆ, ಈಗ ಚಿಕಿತ್ಸೆಯಲ್ಲಿದ್ದಾಳೆ. ಸಲಹಾರ್ಥಿಯ ನಿದ್ದೆ ಅರ್ಧದಷ್ಟು ಮರಳಿದ್ದು ಈ ಒಂದು ಕ್ರಮದಿಂದ.

ಎರಡನೆಯದು ಹೊಸ ಮುಖ್ಯ ಕೋಚ್ ಜೊತೆಗಿನ ಮಾತುಕತೆ. ಆತನ ಮೇಲಿನ ಸಿಟ್ಟು ಸಹಜ, ಆದರೆ ಹುದ್ದೆ ಕೊಟ್ಟುಕೊಂಡವನು ಆತನಲ್ಲ. ಪಂದ್ಯಪಟ್ಟಿ ತಯಾರಿ, ಪ್ರಯಾಣದ ಬಜೆಟ್ ಮತ್ತು ಡಬಲ್ಸ್ ಜೋಡಿಗಳ ಆಯ್ಕೆ ಈ ವರ್ಷ ತನ್ನ ಹೆಸರಿನಲ್ಲಿ ನಡೆಯಬೇಕೆಂದು ಕೇಳಿ, ಒಪ್ಪಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ದಾಖಲಿಸುವಂತೆ ಸೂಚಿಸಿದೆ. ಬದಲಿಗೆ ಸ್ಟ್ರಿಂಗ್ ಮತ್ತು ಊಟದ ವ್ಯವಸ್ಥೆಯನ್ನು ವಿದ್ಯಾರ್ಥಿ ಮ್ಯಾನೇಜರ್‌ಗೆ ಬಿಡಬೇಕು. ಬಜೆಟ್ ಕಲಿಯಲು ಇದಕ್ಕಿಂತ ತಕ್ಕ ಸಮಯವಿಲ್ಲ: ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಒಪ್ಪಂದದ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮಹಿಳಾ ಟೆನಿಸ್‌ಗಿದ್ದ 8 ವಿದ್ಯಾರ್ಥಿವೇತನಗಳ ಮಿತಿ ಹೋಗಿ ತಂಡದ ಸಂಖ್ಯೆಗೇ ಮಿತಿ ಬಂದಿದೆ. ಹಣದ ಬಹುಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಕಡೆ ಹರಿಯುವಾಗ ಸಣ್ಣ ಕ್ರೀಡೆಯ ಲೆಕ್ಕವನ್ನು ಬಿಡಿಸಿ ಹೇಳಬಲ್ಲ ಕೋಚ್‌ಗೆ ಬೆಲೆಯಿದೆ.

ವೀಸಾ ವಿಷಯ ಪ್ರತಿ ಮಾತಿನಲ್ಲೂ ನುಸುಳುತ್ತಿತ್ತು. ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾದ ವಾರ್ಷಿಕ ಮಿತಿಗೂ ಅದರ ಲಾಟರಿಗೂ ವಿಶ್ವವಿದ್ಯಾಲಯಗಳು ಒಳಪಡುವುದಿಲ್ಲ. ಆದರೆ ಹೀಗೆ ಪಡೆದ ವೀಸಾದ ಮೇಲೆ ಖಾಸಗಿ ಅಕಾಡೆಮಿಗೆ ಹೋಗಬೇಕಾದರೆ ಲಾಟರಿಗೆ ನಿಲ್ಲಲೇಬೇಕು. ಆ ವೀಸಾದ ಆರು ವರ್ಷದ ಗಡುವು, 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷರು ಹೊರಡಿಸಿದ ಘೋಷಣೆ ದೇಶದ ಹೊರಗಿರುವವರ ಹೊಸ ಅರ್ಜಿಗೆ ವಿಧಿಸಿದ 1 ಲಕ್ಷ ಡಾಲರ್ ಶುಲ್ಕ, ಇವೆಲ್ಲ ವಲಸೆ ವಕೀಲರ ಬಳಿ ಕೂತು ತಿಳಿಯಬೇಕಾದವು. ನನ್ನ ಬಳಿ ಅಳುತ್ತಾ ಬಗೆಹರಿಸಬೇಕಾದವಲ್ಲ. ಈ ಕೆಲಸ ನನಗೆ ಬೇಕೇ ಎಂಬುದನ್ನು ಮೊದಲು, ಇಲ್ಲಿ ಸಾಧ್ಯವೇ ಎಂಬುದನ್ನು ಆಮೇಲೆ ಕೇಳಿಕೊಳ್ಳಲು ಹೇಳಿದೆ. ಬೇಕು ಎಂಬ ಉತ್ತರ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಊರಿನ ತಂದೆತಾಯಿಗೆ ಮಗಳದು "ಪಿ.ಟಿ. ಮೇಷ್ಟ್ರ ಕೆಲಸ". ಮದುವೆಯ ಮಾತು ಪ್ರತಿ ಭಾನುವಾರವೂ ಏಳುತ್ತದೆ. ಇದಕ್ಕೆ ನಾನು ಹೆಚ್ಚು ಸಮಯ ಕೊಡಲಿಲ್ಲ. ಒಂದು ಪಂದ್ಯದ ನೇರ ಪ್ರಸಾರವನ್ನು ಅವರಿಗೆ ತೋರಿಸುವಂತೆ ಹೇಳಿದೆ. ತಂದೆ ಎದ್ದು ಕೂತು ನೋಡಿದರು, ತಾಯಿ ಮಾತ್ರ ಇನ್ನೂ ಜಾತಕ ಕಳುಹಿಸುತ್ತಿದ್ದಾರೆ.

ಸದ್ಯ ಆಕೆ ಎರಡನೇ ಡಿವಿಷನ್‌ನ ಒಂದು ಕಾಲೇಜಿನ ಮುಖ್ಯ ಕೋಚ್ ಹುದ್ದೆಗೆ ಅರ್ಜಿ ಹಾಕಿದ್ದಾರೆ. ಪುರುಷರ ತಂಡವೂ ಮಹಿಳೆಯರ ತಂಡವೂ ಒಬ್ಬರದೇ ಹೊಣೆ, ಸಂಬಳ ಈಗಿನದಕ್ಕಿಂತ ತುಸು ಮಾತ್ರ ಹೆಚ್ಚು. ಡಿವಿಷನ್ ಇಳಿದರೆ ಹಿಂದೆ ಬಿದ್ದಂತೆ ಅಲ್ಲವೇ ಎಂದು ಕೇಳಿದರು. ಹೆಸರಿನ ಮುಂದೆ ಮುಖ್ಯ ಕೋಚ್ ಎಂದಿರುವ ಮೂರು ವರ್ಷ, ದೊಡ್ಡ ತಂಡದಲ್ಲಿ ಸಹಾಯಕಿಯಾಗಿ ಕಳೆಯುವ ಇನ್ನೈದು ವರ್ಷಕ್ಕಿಂತ ಮುಂದಿನ ಸಂದರ್ಶನದಲ್ಲಿ ಹೆಚ್ಚು ತೂಗುತ್ತದೆಂದು ಹೇಳಿದೆ. ಅರ್ಜಿಯ ಜೊತೆಗಿನ ಪತ್ರದಲ್ಲಿ ಆರನೇ ಕೋರ್ಟಿನ ಆ ಪಂದ್ಯವನ್ನು ಮೊದಲ ಪ್ಯಾರಾದಲ್ಲೇ ಬರೆಯಿಸಿದ್ದೇನೆ. ಸಂದರ್ಶನದ ದಿನ ಇನ್ನೂ ಗೊತ್ತಾಗಿಲ್ಲ.