ಗಂಡನ್ನ ನೋಡ್ಕೊಳೋಕೆ ದುಡ್ಡು ಕೇಳ್ಬೋದಾ?

ಪ್ರಶ್ನೆ: ನಾವು ಇಂಗ್ಲೆಂಡಲ್ಲಿದೀವಿ. 52 ವರ್ಷದ ನಮ್ಮೆಜಮಾನ್ರಿಗೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ಇಲ್ಲ, ಸ್ನಾನ ಊಟ ಎಲ್ಲಾ ನಂದೇ, ಕೆಲ್ಸನೂ ಬಿಟ್ಟೆ. ಹೆಂಡ್ತಿಯಾಗಿ ದುಡ್ಡು ಕೇಳೋದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲಮ್ಮ. ಅಲ್ಲಿ ಕಾಯಿಲೆಯೋರನ್ನ ನೋಡ್ಕೊಳ್ಳೋರಿಗೆ ಸರ್ಕಾರ ಕೊಡೋ ಕೇರರ್ಸ್ ಅಲೊವೆನ್ಸ್ ಅಂತಿದೆ, ಹೆಂಡ್ತಿಗೂ ಕೊಡ್ತಾರೆ, ಆದ್ರೆ ವಾರಕ್ಕೆ 35 ಗಂಟೆನಾದ್ರೂ ನೀವು ನೋಡ್ಕೊಳ್ತಿರ್ಬೇಕು, ಮತ್ತೆ ಮೊದ್ಲು ಯಜಮಾನ್ರಿಗೆ ಪಿಪ್ (ಕಾಯಿಲೆ, ಅಂಗವೈಕಲ್ಯ ಇರೋರಿಗೆ ಸರ್ಕಾರ ಕೊಡೋದು) ಭತ್ಯೆಯ ಡೈಲಿ ಲಿವಿಂಗ್ ಭಾಗ, ಅಂದ್ರೆ ಸ್ನಾನ ಊಟದಂಥ ದಿನದ ಕೆಲ್ಸಕ್ಕೆ ನೆರವು ಬೇಕಾದೋರಿಗೆ ಕೊಡೋ ಭಾಗ, ಮಂಜೂರಾಗಿರ್ಬೇಕು, ಹಾಗಾಗಿ ಅದನ್ನೇ ಮೊದ್ಲು ಹಾಕ್ಸಿ. 2025ರ ಏಪ್ರಿಲ್‌ನಲ್ಲಿ ಕೇರರ್ಸ್ ಅಲೊವೆನ್ಸ್‌ನ ವಾರಕ್ಕೆ 83.30 ಪೌಂಡ್ ಮಾಡಿದ್ರು, ನೀವು ಪಡೋ ಕಷ್ಟಕ್ಕೆ ಇದು ತುಂಬಾನೇ ಕಮ್ಮಿ ಅಂತ ನಂಗನ್ಸುತ್ತೆ. ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರದ ಇಂಥ ಭತ್ಯೆ ಪಡೆಯೋ ಹಾಗಿಲ್ಲ) ಅಂತಿದ್ರೆ ಮಾತ್ರ ಆತುರ ಪಡ್ಬೇಡಿ, ಅರ್ಜಿ ಹಾಕೋ ಮುಂಚೆ ಇಮಿಗ್ರೇಶನ್ ವಕೀಲರನ್ನ ಕೇಳಿ.